ನೀರು ಕೊಡದ ಅಧ್ಯಾಯ

ಫೆಬ್ರವರಿ ೩

ದೊಡ್ಡಮ್ಮನಿಗೆ ನಮಸ್ಕಾರ.

ಫೋನಿನಲ್ಲಿ ನೀವು ಎರಡು ಮಾತಿಗೇ "ಸರಿ, ಇಡ್ಲಾ" ಎನ್ನುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಕಾದಂಬರಿ ಮನೆಗೆ ವಾಪಸು ಬರುತ್ತಿದೆ. ನಮ್ಮ ಭಾಷೆಯಲ್ಲಿ ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದಿರುವುದು ನಿಮ್ಮ ಗೆಳತಿ ಉದ್ದಜಡೆ ನಾನಿರುವ ಈ ಹೊರನಾಡಿನ ಭಾಷೆಗೆ ಮಾಡಿದ ಅನುವಾದ ಮಾತ್ರ. ಅವರು ಕೊಂಡೊಯ್ದಿದ್ದ ಮೂಲ ಪ್ರತಿಯೂ ಅವರು ತೀರಿಕೊಂಡ ಮೇಲೆ ಎಲ್ಲಿ ಹೋಯಿತೋ ಅವರ ಮಗನಿಗೆ ಗೊತ್ತಿಲ್ಲ. ಈಗ ನಿಮ್ಮ ಕಡೆಯ ಪ್ರಕಾಶಕರೊಬ್ಬರು ಆ ಅನುವಾದವನ್ನೇ ಮತ್ತೆ ನಮ್ಮ ಭಾಷೆಗೆ ತರಲು ಹೊರಟಿದ್ದಾರೆ. ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಬರೆದವರು ಗುಂಡುಕಲ್ಲಿನ ಹಾಗೆ ಕೂತಿರುವಾಗ ಅವರ ಪುಸ್ತಕವನ್ನು ಅವರ ಭಾಷೆಗೇ ತಂಗಿಯ ಮಗಳು ಅನುವಾದಿಸುವುದು ನಗೆಪಾಟಲಿನ ಸಂಗತಿ ಎಂದು ನನಗೂ ಗೊತ್ತು. ಆದರೆ ಒಂದು ವಾಕ್ಯವೂ ನೆನಪಿಲ್ಲ ಎಂದವರು ನೀವೇ.

ನನ್ನದೊಂದು ಅಭ್ಯಾಸವಿದೆ. ಯಾವ ಪುಸ್ತಕವಾದರೂ ಕೊನೆಯ ಅಧ್ಯಾಯವನ್ನು ಮೊದಲು ಅನುವಾದಿಸುತ್ತೇನೆ. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿದ್ದರೆ ನಡುವೆ ಮಾತು ತಪ್ಪುವುದಿಲ್ಲ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಇಲ್ಲಿಯ ಶಾಲೆಗಳ ಪಠ್ಯದಲ್ಲಿರುವುದು ಇದೇ ಅಧ್ಯಾಯ. ಕಾಯಿಲೆ ಬಿದ್ದ ಅಣ್ಣನ ಮಂಚದ ಪಕ್ಕ ತಂಗಿ ಕೂತು, ಅವನ ತಲೆ ಎತ್ತಿ ಹಿಡಿದು ನೀರು ಕುಡಿಸುವ ಸಾಲುಗಳನ್ನು ಓದುವಾಗ ನಮ್ಮ ಮೇಡಂ ಕರವಸ್ತ್ರ ಹುಡುಕುತ್ತಿದ್ದರು. ಬರೆದದ್ದು ನನ್ನ ದೊಡ್ಡಮ್ಮ ಎಂದು ನಾನು ಇಡೀ ವರ್ಷ ಜಂಬ ಕೊಚ್ಚಿಕೊಂಡಿದ್ದೆ. ನಾನು ಅನುವಾದಕಿಯಾದದ್ದೂ ಆ ಒಂದು ಪಾಠದಿಂದಲೇ.

ನಿಮಗೆ ಈ ಭಾಷೆ ಬಾರದು. ಉದ್ದಜಡೆಯ ಕೈಯಲ್ಲಿ ನಿಮ್ಮ ಮಾತು ಹೇಗಾಗಿದೆ ಎಂದು ಈಗ ಮೊದಲ ಸಲ ನೋಡುತ್ತೀರಿ. ತಪ್ಪಿದ್ದರೆ ತಿದ್ದಿ ಕಳಿಸಿ.

ನಿಮ್ಮ
ಚಿಟ್ಟಿ


ಫೆಬ್ರವರಿ ೧೧

ಚಿಟ್ಟಿ,

ತಿದ್ದಲು ಏನೂ ಇರಲಿಲ್ಲ. ಹರಿಯುವುದಿತ್ತು, ಹರಿದಿದ್ದೇನೆ. ನಿನ್ನ ಬಳಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆ, ಅಳಬೇಡ.

ಅವಳು ನೀರು ಕೊಡುವುದಿಲ್ಲ. ನಾನು ಬರೆದ ಪುಸ್ತಕದಲ್ಲಿ ಅವಳು ಅವನಿಗೆ ಒಂದು ಹನಿ ನೀರೂ ಕೊಡುವುದಿಲ್ಲ.

ಕನ್ನಡಕದ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ನಿನ್ನ ಹಾಳೆಗಳನ್ನು ಬಿಚ್ಚಿದ್ದೆ. ಗಾಜು ಉಜ್ಜುವ ಯಂತ್ರದ ಪಕ್ಕ ನಿಂತೇ ಓದಿದೆ. ಯಜಮಾನ ನನ್ನ ಮುಖ ನೋಡಿ, "ಯಾಕಮ್ಮಾ, ಬಿಪಿ ಏರ್ತಾ?" ಎಂದ. "ನನಗಲ್ಲ ಕಣಪ್ಪ, ಏರಬೇಕಾದವರು ಬೇರೆ ಇದಾರೆ" ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ, ಕುರ್ಚಿ ತಂದು ಕೂರಿಸಿದ.

ನಾನು ಬರೆದದ್ದು ಹೀಗೆ. ಅಣ್ಣ ಹಾಸಿಗೆ ಹಿಡಿದಿದ್ದಾನೆ, ನೋಡಬೇಕಂತೆ ಎಂದು ಸುದ್ದಿ ಬರುತ್ತದೆ. ಅವಳು ಹೋಗುತ್ತಾಳೆ. ಅವನ ಕೋಣೆಯ ಬಾಗಿಲವರೆಗೆ ಹೋಗುತ್ತಾಳೆ. ಒಳಗಿನಿಂದ "ನೀರು" ಎನ್ನುವುದು ಕೇಳಿಸುತ್ತದೆ. ಅವಳು ಹಿಂತಿರುಗಿ ಬಂದ ದಾರಿಯಲ್ಲೇ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು. ಮಂಚದ ಮೇಲೆ ಕೂರುವುದು, ತಲೆ ಎತ್ತಿ ಹಿಡಿಯುವುದು, ಕಣ್ಣೀರು ಸುರಿಸುವುದು, ಇವೆಲ್ಲ ಉದ್ದಜಡೆಯ ಕೈಚಳಕ.

ನನಗೆ ಉರಿಯುತ್ತಿರುವುದು ಇದಕ್ಕೆ. ಇಷ್ಟು ವರ್ಷಗಳಿಂದ ಅಲ್ಲಿಂದ ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು, "ಎಂಥಾ ಕೊನೆ ಬರೆದಿದೀರಿ" ಎನ್ನುತ್ತಿದ್ದರು. ಪರವಾಗಿಲ್ಲವೇ, ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ಹೋಗುವುದನ್ನು ಜನ ಇಷ್ಟು ಮೆಚ್ಚಿಕೊಂಡಿದ್ದಾರಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವರು ಮೆಚ್ಚಿದ್ದು ಆ ನೀರಿನ ಲೋಟವನ್ನು.

ಉದ್ದಜಡೆ ಬದುಕಿದ್ದರೆ ಆ ಜಡೆ ಹಿಡಿದು ಕೇಳುತ್ತಿದ್ದೆ. ಬದಲಿಸುವ ಮುಂಚೆ ಒಂದು ಕಾರ್ಡು ಹಾಕಲು ಅವಳಿಗೇನಾಗಿತ್ತು? ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು.

ಈ ಅಧ್ಯಾಯ ಹೀಗೆ ಅಚ್ಚಾಗಕೂಡದು. ನನ್ನ ಹೆಸರಿನಲ್ಲಿ, ನನ್ನ ಭಾಷೆಯಲ್ಲಿ, ಆಗಕೂಡದು.

ನಿನ್ನ
ದೊಡ್ಡಮ್ಮ


ಫೆಬ್ರವರಿ ೨೪

ದೊಡ್ಡಮ್ಮನಿಗೆ,

ನಿಮ್ಮ ಕಾಗದ ಓದಿದೆ. ಹದಿಮೂರನೆಯ ವಯಸ್ಸಿನಿಂದ ಎದೆಗೆ ಅಪ್ಪಿಕೊಂಡಿದ್ದ ಪುಟಗಳು ನಿಮ್ಮವೇ ಅಲ್ಲ ಎಂದರೆ ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಪ್ರಕಾಶಕರಿಗೆ, ಮೂಲದ ಕೊನೆ ಬೇರೆ ಇತ್ತಂತೆ ಎಂದಷ್ಟೇ ತಿಳಿಸಿದೆ. ಅವರು, "ಮೇಡಂ, ನಾವು ಹಕ್ಕು ತಗೊಂಡಿರೋದು ಅನುವಾದದ್ದು. ನಮ್ಮ ಪಾಲಿಗೆ ಅದೇ ಮೂಲ. ಜನ ಕೇಳ್ತಿರೋದೂ ಆ ನೀರು ಕುಡಿಸೋ ಕೊನೇನೇ. ಅದನ್ನ ತೆಗೆದ್ರೆ ಇನ್ನೇನು ಉಳೀತು?" ಎಂದರು.

ಇನ್ನೊಂದು ವಿಷಯ. ನಿಮ್ಮ ಅಣ್ಣ, ದೊಡ್ಡಮಾವನಿಗೆ ಸುದ್ದಿ ಮುಟ್ಟಿದೆ. ಹಾಸಿಗೆಯಲ್ಲೇ ಇದ್ದಾರಾದರೂ ತುಂಬಾ ಖುಷಿಯಾಗಿದ್ದಾರೆ. "ಬಿಡುಗಡೆಗೆ ನಾನು ಬರ್ತೀನಿ ಕಣಮ್ಮ. ಕುರ್ಚಿ ಸಮೇತ ಹೊತ್ಕೊಂಡು ಹೋದ್ರೂ ಸರಿ" ಎಂದರು. ರಜೆಯಲ್ಲಿ ಅವರ ಮನೆಗೆ ಹೋಗುತ್ತಿದ್ದಾಗ ಆ ಕೊನೆಯ ಪಾಠವನ್ನು ನಾನೇ ಅವರಿಗೆ ಹೇಳುತ್ತಿದ್ದೆ. "ಇನ್ನೊಂದ್ಸಲ ಹೇಳು, ಆಮೇಲೆ ಅವಳು ಏನು ಮಾಡಿದ್ಲು?" ಎಂದು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ ಮಾವ ಅವರು. ನಿಮಗೂ ಅವರಿಗೂ ಮಾತಿಲ್ಲ ಎಂಬುದಷ್ಟೇ ನನಗೆ ಗೊತ್ತು. ಯಾಕೆಂದು ಅಮ್ಮ ಕೊನೆಯವರೆಗೂ ಬಾಯಿ ಬಿಡಲಿಲ್ಲ. ನಿಮ್ಮ ಪುಸ್ತಕದ ಪ್ರತಿಗಳೂ ಮನೆಗೆ ಮಳೆನೀರು ನುಗ್ಗಿ ಹಾಳಾದವು ಎಂದಿದ್ದಳು.

ವಯಸ್ಸಾಗಿದೆ ಅವರಿಗೆ. ಅವರಿಗಾಗಿಯಾದರೂ ಈ ಕೊನೆ ಇರಲಿ ಎಂದು ಒಪ್ಪಲಾರಿರಾ?

ನಿಮ್ಮ
ಚಿಟ್ಟಿ


ಮಾರ್ಚ್ ೫

ಚಿಟ್ಟಿ,

ಮಳೆನೀರು ನುಗ್ಗಿತಂತೆ! ನಿನ್ನ ಅಮ್ಮ ಪಾಪದವಳು, ಸುಳ್ಳು ಹೇಳುವಾಗಲೂ ಯಾರ ಮನಸ್ಸೂ ನೋಯದ ಹಾಗೆ ಹೇಳಿ ಹೋಗಿದ್ದಾಳೆ. ನಾನು ಅಷ್ಟು ಒಳ್ಳೆಯವಳಲ್ಲ. ಕೇಳು.

ನಕಾಶೆ ಬರೆಯುವ ಕಚೇರಿಯಲ್ಲಿ ನನಗೆ ಪರೀಕ್ಷೆಗೆ ಕರೆ ಬಂದಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನದಿ, ಬೆಟ್ಟ, ರಸ್ತೆಗಳ ಗೆರೆ ಎಳೆದು ಎಳೆದು ನನ್ನ ಬೆರಳಿಗೆ ಶಾಯಿ ಹತ್ತಿಹೋಗಿತ್ತು. ಪರೀಕ್ಷೆಯ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ. ಹೊರಗಿನಿಂದ ಚಿಲಕ ಬಿತ್ತು. ಬಾಗಿಲಾಚೆ ಅಣ್ಣ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂತಿದ್ದ. ಪುಟ ತಿರುಗಿಸುವ ಸದ್ದು ನನಗೆ ಕೇಳುತ್ತಿತ್ತು. ಬಡಿದೆ, ಬೇಡಿದೆ, ಬೈದೆ. "ನೀನು ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಎಂಬ ಒಂದೇ ಮಾತು. ಅಮ್ಮ ಆಗ ಎದ್ದು ಕೂರಲಾರದ ಸ್ಥಿತಿಯಲ್ಲಿದ್ದಳು, ಅದು ನಿಜ. ಅವನಿಗೂ ಎರಡು ಕೈಗಳಿದ್ದವು, ಅದೂ ನಿಜ. ಸಂಜೆ ಬಾಗಿಲು ತೆಗೆದು "ಊಟ ಬಡಿಸು" ಎಂದ. ಬಡಿಸಿದೆ.

ಅಮ್ಮ ಹೋದ ಮೇಲೆ ನಾನು ಮನೆ ಬಿಟ್ಟೆ, ಕನ್ನಡಕದ ಅಂಗಡಿ ಸೇರಿದೆ, ಪುಸ್ತಕ ಬರೆದೆ. ನನಗೆ ಸಿಗದ ನಕಾಶೆ ಕಚೇರಿಯ ಕೆಲಸವನ್ನು ಪುಸ್ತಕದವಳಿಗೆ ಕೊಡಿಸಿದೆ. ಬರೆಯುವವರಿಗೆ ಅಷ್ಟಾದರೂ ಅಧಿಕಾರ ಬೇಡವೇ?

ನಾನು ಅಚ್ಚು ಹಾಕಿಸಿದ್ದಷ್ಟೂ ಪ್ರತಿ ಊರಿನ ಒಂದೇ ಪುಸ್ತಕದಂಗಡಿಗೆ ಬಂದ ವಾರ ಅಂಗಡಿಯವನು ಹಲ್ಲು ಬಿಟ್ಟುಕೊಂಡು, "ನಿಮ್ಮ ಅಣ್ಣನೋರು ಎಲ್ಲಾ ಪ್ರತಿ ತಗೊಂಡ್ರು. ತಂಗಿ ಮೇಲೆ ಎಷ್ಟು ಅಭಿಮಾನ ನೋಡಿ" ಎಂದ. ಅಣ್ಣ ಅವನ್ನು ಹಿತ್ತಿಲಿಗೆ ಒಯ್ದು ಸ್ನಾನದ ನೀರು ಕಾಯಿಸುವ ಒಲೆಗೆ ಹಾಕಿದ. ಇಡೀ ಮನೆಮಂದಿ ಆ ನೀರಿನಲ್ಲಿ ಮಿಂದರು, ನಿನ್ನ ಅಮ್ಮನೂ ಸೇರಿ. ಉದ್ದಜಡೆಗೆ ನಾನು ಮೊದಲೇ ಕೊಟ್ಟಿದ್ದ ಒಂದು ಪ್ರತಿ ಮಾತ್ರ ಉಳಿಯಿತು. ಆಗ ಹೊಸದಾಗಿ ಅಚ್ಚು ಹಾಕಿಸುವ ತಾಕತ್ತು ನನಗಿರಲಿಲ್ಲ.

ಅವನು ಈಗ ಬಿಡುಗಡೆಗೆ ಬರುತ್ತಾನಂತೆ. ಬರಲಿಕ್ಕೆ ಕಾರಣ ನಾನಲ್ಲ, ಆ ಲೋಟ. ಅವನಿಗೆ ಲೋಟ ಬೇಕು.

ಮಿಕ್ಕ ಅಧ್ಯಾಯಗಳನ್ನು ನೀನು ಮಾಡು. ಕೊನೆಯದನ್ನು ನಾನೇ ಮೊದಲಿದ್ದ ಹಾಗೆ ಬರೆದು ಕಳಿಸುತ್ತೇನೆ. ನಿನ್ನ ಪ್ರಕಾಶಕ ಕುಣಿದರೆ ಕುಣಿಯಲಿ.

ದೊಡ್ಡಮ್ಮ


ಏಪ್ರಿಲ್ ೧೯

ಚಿಟ್ಟಿ,

ಬರುತ್ತಿಲ್ಲ.

ಏನು ನಡೆಯುತ್ತದೆ ಎಂದು ಗೊತ್ತು, ಬಾಗಿಲು ಗೊತ್ತು, ತಿರುಗಿ ಹೋಗುವುದು ಗೊತ್ತು. ಮಾತು ಗೊತ್ತಿಲ್ಲ. ಯಾವ ಮಾತಿನಿಂದ ಶುರು ಮಾಡಿದ್ದೆ, ಅವಳು ಏನು ಉಟ್ಟಿದ್ದಳು, ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳು, ಎಲ್ಲ ಅಳಿಸಿಹೋಗಿದೆ. ಒಂದು ಒಳ್ಳೆಯ ವಾಕ್ಯ ಬಂತು ಎಂದು ಹಿಗ್ಗಿದರೆ, ಮರುದಿನ ನೋಡುತ್ತೇನೆ, ಅದು ನೀನು ಕಳಿಸಿದ್ದ ಹಾಳೆಯದು. ಹರಿದು ಹಾಕಿದ್ದು ತಲೆಯಿಂದ ಹೋಗಿಲ್ಲ. ನನ್ನ ಪುಸ್ತಕ ಬರೆಯಲು ಕೂತು ಉದ್ದಜಡೆಯನ್ನು ನಕಲು ಮಾಡುತ್ತಿದ್ದೇನೆ.

ಸಿಟ್ಟು ಬಂದು ಮೊನ್ನೆ ಒಬ್ಬರ ಕನ್ನಡಕದ ಬಲಗಣ್ಣಿನ ಗಾಜನ್ನು ಎಡಕ್ಕೆ ಹಾಕಿಬಿಟ್ಟೆ. ಆ ಮನುಷ್ಯ ಮೆಟ್ಟಿಲು ಇಳಿಯಲಾರದೆ ಬಾಗಿಲಲ್ಲೇ ನಿಂತು "ಭೂಮಿ ಓರೆಯಾಗಿದೆ" ಎಂದ. ಯಜಮಾನ ಅವರನ್ನು ಕೂರಿಸಿ ತಾನೇ ಗಾಜು ಅದಲುಬದಲು ಮಾಡಿಕೊಟ್ಟ. ಬೈದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಆ ಪುಸ್ತಕವನ್ನು ಓದಿದವರು ಯಾರಾದರೂ ಇದ್ದಾರೆಯೇ ಎಂದು ಯೋಚಿಸುತ್ತೇನೆ. ಯಾರೂ ಇಲ್ಲ.

ದೊಡ್ಡಮ್ಮ


ಮೇ ೮

ದೊಡ್ಡಮ್ಮನಿಗೆ,

ಇದ್ದಾರೆ. ನಿಮಗೆ ಇಷ್ಟವಾಗುವುದಿಲ್ಲ, ಆದರೂ ಹೇಳಲೇಬೇಕು.

ಹೋದ ವಾರ ದೊಡ್ಡಮಾವನನ್ನು ನೋಡಲು ಹೋಗಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅವರ ಮುಖ ನೋಡಿ ಸುಮ್ಮನೆ ಬರಲು ಆಗಲಿಲ್ಲ. ಬೀದಿ ಕಡೆಯ ಕೋಣೆಯಲ್ಲಿ ಮಲಗಿಸಿದ್ದಾರೆ. ಕಿಟಕಿಯ ಹತ್ತಿರ ಔಷಧಿಯ ಡಬ್ಬ, ಪಕ್ಕದಲ್ಲಿ ರೇಡಿಯೋ. ನೇರವಾಗಿಯೇ ಕೇಳಿದೆ, ಪುಸ್ತಕ ಸುಟ್ಟಿರಾ ಎಂದು. ಅವರು ಇಲ್ಲ ಅನ್ನಲಿಲ್ಲ. ಹೊದಿಕೆಯ ಅಂಚನ್ನು ಎದೆಯವರೆಗೆ ಎಳೆದುಕೊಂಡು ಹೇಳಿದರು.

"ಕಟ್ಟು ಕಟ್ಟಾಗಿ ಹಾಕಿದ್ರೆ ಉರೀತಿರ್ಲಿಲ್ಲ, ಹೊಗೆ ತುಂಬ್ಕೋತಿತ್ತು. ಒಂದೊಂದೇ ಹಾಳೆ ಹರಿದು ಹಾಕ್ಬೇಕಾಯ್ತು. ಕೈಗೆ ಬಂದಿದ್ದನ್ನ ಓದ್ದೆ ಹೇಗಿರೋದು? ಎಲ್ಲಾ ಪುಸ್ತಕದಲ್ಲೂ ಅದೇ ಕೊನೇ ಹಾಳೆ. ಓದೋದು, ಹಾಕೋದು. ಓದೋದು, ಹಾಕೋದು. ಮುಗಿಯೋ ಹೊತ್ತಿಗೆ ಬಾಯಿಪಾಠ ಆಗೋಗಿತ್ತು. ಇವತ್ತಿಗೂ ಮರ್ತಿಲ್ಲ."

ನಾನು ಶಾಲೆಯಲ್ಲಿದ್ದಾಗ ನೀರು ಕುಡಿಸುವ ಕಥೆಯನ್ನು ಹೇಳಿಸಿಕೊಳ್ಳುತ್ತಿದ್ದರಲ್ಲ, ಅದು ನಿಮ್ಮದಲ್ಲವೆಂದು ಗೊತ್ತಿದ್ದೂ ಹೇಳಿಸಿಕೊಳ್ಳುತ್ತಿದ್ದರು. ಅದು ಹೊಳೆದಾಗ ನನಗೆ ಅಲ್ಲಿ ಕೂರಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ವಾಪಸು ಬಂದು, ಹೇಳಿ ಮಾವ, ಬರೆದುಕೊಳ್ಳುತ್ತೇನೆ ಎಂದೆ. ಕಣ್ಣು ಮುಚ್ಚಿ ಒಂದೇ ವಾಕ್ಯ ಹೇಳಿದರು: "ಸುದ್ದಿ ತಂದವನಿಗೆ ಅವಳು ಕೂರಲು ಹೇಳಲಿಲ್ಲ." ಉದ್ದಜಡೆಯ ಪುಸ್ತಕದಲ್ಲಿ ಇದು "ಸುದ್ದಿ ತಂದವನನ್ನು ಅವಳು ಒಳಗೆ ಕರೆದು ಕೂರಿಸಿದಳು" ಎಂದಿದೆ. ಯಾವುದು ನಿಮ್ಮದು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿಗೇ ನಿಲ್ಲಿಸಿದರು. "ಮಿಕ್ಕಿದ್ದು ಅವಳಿಗೇ ಹೇಳ್ತೀನಿ. ಬಂದು ಕೇಳ್ಲಿ" ಎಂದರು. ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ.

ನಿಮ್ಮ
ಚಿಟ್ಟಿ


ಮೇ ೧೭

ಚಿಟ್ಟಿ,

ಆ ವಾಕ್ಯ ನನ್ನದು. ಓದಿದ ಕೂಡಲೇ ಅದನ್ನು ಬರೆದ ದಿನದ ಮೇಜು, ಮೇಜಿನ ಮೇಲಿದ್ದ ಸುಟ್ಟ ಕಲೆ, ಎಲ್ಲ ಕಣ್ಣಿಗೆ ಕಟ್ಟಿತು. ಮುಂದಿನ ವಾಕ್ಯ ಮಾತ್ರ ಬರಲಿಲ್ಲ. ನಾಲಿಗೆಯ ತುದಿಯಲ್ಲಿದೆ, ಇಳಿಯುತ್ತಿಲ್ಲ. ಇದನ್ನು ಮುಚ್ಚಿಡುವುದಿಲ್ಲ, ನನಗೆ ಅದು ಬೇಕು. ಹಸಿವಾದ ಹಾಗೆ ಬೇಕು.

ಆದರೆ ನನ್ನ ಮಾತನ್ನು ನಾನು ಅವನ ಬಾಗಿಲಿಗೆ ಹೋಗಿ ಕೇಳಿ ಪಡೆಯಬೇಕೇ? ನನ್ನನ್ನು ಒಳಗಿಟ್ಟು ಚಿಲಕ ಹಾಕಿದ, ನನ್ನ ಪುಸ್ತಕವನ್ನು ಒಲೆಗಿಟ್ಟ, ಈಗ ಅದನ್ನೇ ತಲೆಯೊಳಗೆ ಬಚ್ಚಿಟ್ಟುಕೊಂಡು ಬಾ ಬಾ ಎಂದು ಕರೆಯುತ್ತಿದ್ದಾನೆ. ಇಟ್ಟುಕೊಳ್ಳುವುದು ಅವನ ಹುಟ್ಟುಗುಣ. ಹೋಗುವುದಿಲ್ಲ ಎಂದು ಹೇಳು.

ದೊಡ್ಡಮ್ಮ


ಜೂನ್ ೧೦

ದೊಡ್ಡಮ್ಮನಿಗೆ,

ಹೇಳಿದೆ. ಅವರ ಮನೆಗೆ ಹೋಗಿಯೇ ಹೇಳಿದೆ, ಗೋಡೆಯ ಕಡೆ ತಿರುಗಿ ಮಲಗಿದರು.

ಅವರ ಸ್ಥಿತಿ ದಿನದಿಂದ ದಿನಕ್ಕೆ ಇಳಿಯುತ್ತಿದೆ. ಎಂಬತ್ತು ದಾಟಿದವರು, ಯಾವಾಗ ಏನು ಎಂದು ಡಾಕ್ಟರಿಗೂ ಹೇಳಲಾಗುತ್ತಿಲ್ಲ. ಅವರು ಹೋದರೆ ಅವರ ಜೊತೆ ಆ ಅಧ್ಯಾಯವೂ ಹೋಗುತ್ತದೆ. ಅವರನ್ನು ಕ್ಷಮಿಸಿ ಎಂದು ಕೇಳುತ್ತಿಲ್ಲ, ಆ ಮಾತನ್ನು ಇನ್ನು ನಾನು ಯಾವತ್ತೂ ಆಡುವುದಿಲ್ಲ. ಅಧ್ಯಾಯವನ್ನು ಬರೆದುಕೊಂಡು ಎದ್ದು ಬನ್ನಿ, ಅಷ್ಟೇ. ನಿಮ್ಮ ಪುಸ್ತಕಕ್ಕೋಸ್ಕರ. ನಾನು ಪಕ್ಕದಲ್ಲೇ ಇರುತ್ತೇನೆ.

ಪ್ರಕಾಶಕರೂ ಗಡುವು ಹಾಕಿದ್ದಾರೆ. ಮುಂದಿನ ತಿಂಗಳೊಳಗೆ ಬೇರೆ ಏನೂ ಬಾರದಿದ್ದರೆ ಉದ್ದಜಡೆಯ ಕೊನೆಯನ್ನೇ ಅಚ್ಚಿಗೆ ಕೊಡುತ್ತಾರಂತೆ.

ಚಿಟ್ಟಿ


ಜುಲೈ ೨

ಚಿಟ್ಟಿ,

ನಿನ್ನ ಕಾಗದ ಬಂದ ಮೇಲೆ ಒಂದು ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದೆ. ಚೀಲದಲ್ಲಿ ಕಾಗದ, ಪೆನ್ನು ಇಟ್ಟುಕೊಂಡಿದ್ದೆ. ದೇವರಾಣೆಗೂ ಹೋಗಬೇಕೆಂದೇ ಹೊರಟಿದ್ದೆ. ಒಳಗೆ ಹೋಗುವುದು, ಮುಖ ನೋಡದೆ ಬರೆದುಕೊಳ್ಳುವುದು, ಎದ್ದು ಬರುವುದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಬಸ್ ಬಂತು. ಕಂಡಕ್ಟರು, "ಹತ್ತಿ ಅಜ್ಜಿ, ಕಿಟಕಿ ಸೀಟಿದೆ" ಎಂದ.

ಆಗ ತಲೆಗೆ ಹೊಳೆಯಿತು. ಅಣ್ಣ ಹಾಸಿಗೆ ಹಿಡಿದಿದ್ದಾನೆ, ನೋಡಬೇಕಂತೆ ಎಂದು ಸುದ್ದಿ ಬಂದಿದೆ, ಅವಳು ಅವನ ಬಾಗಿಲವರೆಗೆ ಹೊರಟಿದ್ದಾಳೆ. ಇದು ನಾನೇ ಬರೆದ ಕಥೆ. ಇಪ್ಪತ್ತೆಂಟರ ಹುಡುಗಿ ಬರೆದದ್ದು. ಅವಳಿಗೆ ಇನ್ನೂ ಅವನು ಬೇಕಾಗಿದ್ದ. ನಾನು ಬೆನ್ನು ತಿರುಗಿಸುವುದನ್ನು ಅವನು ನೋಡಲಿ, ಅವನಿಗೆ ಉರಿಯಲಿ ಎಂಬ ಆಸೆ ಇತ್ತು. ಅದಕ್ಕೇ ಅವಳನ್ನು ಅಷ್ಟು ದೂರ ನಡೆಸಿಕೊಂಡು ಹೋಗಿದ್ದೆ. ಉದ್ದಜಡೆ ಅವಳನ್ನು ಇನ್ನೂ ಹತ್ತು ಹೆಜ್ಜೆ ಒಳಗೆ ತಳ್ಳಿದಳು, ವ್ಯತ್ಯಾಸ ಅಷ್ಟೇ. ಇಬ್ಬರೂ ಸೇರಿ ಅವಳನ್ನು ಆ ಮನೆಗೇ ಕಳಿಸಿದೆವು.

"ಹತ್ತಲ್ಲ ಕಣಪ್ಪ" ಎಂದೆ. ಅವನು ಏನೋ ಗೊಣಗಿ ಸೀಟಿ ಊದಿದ. ನಾನು ಮನೆಗೆ ಬಂದು ಬರೆಯಲು ಕೂತೆ. ಈ ಸಲ ಕೈ ತಡೆಯಲಿಲ್ಲ.

ಇದರ ಜೊತೆ ಇಟ್ಟಿದ್ದೇನೆ, ಓದು. ಅವಳು ನಕಾಶೆ ಕಚೇರಿಯಲ್ಲಿ ಒಂದು ನದಿಗೆ ಶಾಯಿ ತುಂಬುತ್ತಿರುತ್ತಾಳೆ. ಸುದ್ದಿ ತಂದವನು ಬರುತ್ತಾನೆ. "ನನಗೆ ಕೆಲಸ ಇದೆ" ಎನ್ನುತ್ತಾಳೆ. ಅವನು ಹೋಗುತ್ತಾನೆ. ಅವಳು ನದಿಯನ್ನು ಸಮುದ್ರದವರೆಗೆ ಬರೆದು ಮುಗಿಸಿ, ಲೇಖನಿ ತೊಳೆದು, ಗೆಳತಿಯರ ಜೊತೆ ನಗುತ್ತ ಬೀದಿಗೆ ಇಳಿಯುತ್ತಾಳೆ. ಅಣ್ಣನ ಮನೆ ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ.

ಇದು ಮೂಲವಲ್ಲ ಎಂದು ನಿನ್ನ ಪ್ರಕಾಶಕ ಹೇಳಬಹುದು. ಹೌದು, ಮೂಲವಲ್ಲ, ಒಪ್ಪಿದೆ. ಇದು ನಾನು ಈಗ ಹೇಳುತ್ತಿರುವ ಮಾತು. ಇದರಲ್ಲಿ ಒಂದಕ್ಷರ ಮುಟ್ಟಿದರೂ ಪುಸ್ತಕವೇ ಬೇಡ.

ನಿನ್ನ
ದೊಡ್ಡಮ್ಮ


ಆಗಸ್ಟ್ ೧೪

ದೊಡ್ಡಮ್ಮನಿಗೆ,

ಓದಿದೆ. ಮತ್ತೆ ಓದಿದೆ. ನನ್ನ ಶಾಲೆಯ ಪಾಠ ಹೋಯಿತಲ್ಲ ಎಂದು ಒಂದು ದಿನ ಬೇಜಾರು ಮಾಡಿಕೊಂಡೆ, ಸುಳ್ಳು ಹೇಳುವುದಿಲ್ಲ. ಮರುದಿನ ಪ್ರಕಾಶಕರ ಕಚೇರಿಗೆ ಹೊರಟೆ.

ಅವರು ಮೊದಲ ಪುಟ ನೋಡುವ ಮುಂಚೆಯೇ "ಆಗಲ್ಲ" ಎಂದರು. ಹಾಗಾದರೆ ನನ್ನ ಅನುವಾದವೂ ಸಿಗುವುದಿಲ್ಲ ಎಂದೆ. ಬೇರೆಯವರಿಂದ ಮಾಡಿಸುತ್ತೇವೆ ಎಂದರು. ಮೂಲ ಲೇಖಕಿಯ ಸಹಿ ಎಲ್ಲಿದೆ ತೋರಿಸಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉದ್ದಜಡೆಯ ಮಗನ ಸಹಿ ಪಡೆದು ಕೈತೊಳೆದುಕೊಂಡಿದ್ದರಂತೆ. ನೀವು ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದುಕೊಂಡಿದ್ದರಂತೆ. "ಇದಾರಾ?" ಎಂದರು. "ಇದಾರೆ. ದಿನಾ ಕೆಲಸಕ್ಕೆ ಹೋಗ್ತಾರೆ. ಬೇಕಾದ್ರೆ ಇಲ್ಲಿಗೇ ಕರ್ಕೊಂಡು ಬರ್ತೀನಿ" ಎಂದೆ. ಕರೆತರುವುದು ಬೇಡ ಎಂದು ಬೇಗ ಬೇಗ ಹೇಳಿದರು.

ಪುಸ್ತಕ ಬರುತ್ತದೆ. ಕೊನೆಯ ಅಧ್ಯಾಯ ನಿಮ್ಮದೇ, ಒಂದಕ್ಷರವೂ ಬದಲಾಗುವುದಿಲ್ಲ. ಅದಕ್ಕೆ ಮುಂಚಿನದೆಲ್ಲ ಉದ್ದಜಡೆಯ ಅನುವಾದದಿಂದ ಬಂದದ್ದು, ಇದು ಲೇಖಕಿ ಹೊಸದಾಗಿ ಬರೆದದ್ದು ಎಂದು ಮೊದಲ ಪುಟದಲ್ಲೇ ಹಾಕುತ್ತಾರೆ.

ದೊಡ್ಡಮಾವ ದಿನಕ್ಕೊಮ್ಮೆ ಫೋನು ಮಾಡಿಸಿ "ಬಂದ್ಲಾ?" ಎಂದು ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಅಷ್ಟನ್ನೇ ತಿಳಿಸುತ್ತಿದ್ದೇನೆ.

ನಿಮ್ಮ
ಚಿಟ್ಟಿ


ನವೆಂಬರ್ ೬

ಅಣ್ಣನಿಗೆ,

ಮನೆ ಬಿಟ್ಟ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಎರಡನೆಯದು ಇರುವುದಿಲ್ಲ.

ಪುಸ್ತಕ ಬಂದಿದೆ. ನಿನಗೊಂದು ಪ್ರತಿ ಕಳಿಸಿದ್ದೇನೆ. ಕಣ್ಣು ಮಂಜಾಗಿದೆಯಂತೆ, ಚಿಟ್ಟಿ ಓದಿ ಹೇಳುತ್ತಾಳೆ. ನಿನಗೆ ಇಷ್ಟವಾದ ಕೊನೆ ಇದರಲ್ಲಿಲ್ಲ. ನಿನಗೆ ಬಾಯಿಪಾಠವಾಗಿರುವ ಕೊನೆಯೂ ಇದರಲ್ಲಿಲ್ಲ. ಈ ಸಲ ಅವಳು ನಿನ್ನ ಮನೆಯ ಕಡೆಗೆ ಹೊರಡುವುದೇ ಇಲ್ಲ.

ನಾನು ಬಂದು ಕೇಳಿದರೆ ಹಳೆಯದನ್ನು ಹೇಳುತ್ತೇನೆ ಎಂದೆಯಂತೆ. ಬೇಡ. ಅದನ್ನು ನಿನ್ನಷ್ಟು ಸಲ ಓದಿದವರು ಯಾರೂ ಇಲ್ಲ, ನಾನೂ ಇಲ್ಲ. ನನಗೆ ಅದು ಮರೆತುಹೋಗಿದೆ. ಮರೆತದ್ದು ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಒಂದು ವಾಕ್ಯ ಚಿಟ್ಟಿಗೆ ಹೇಳಿದೆ, ಮಿಕ್ಕಿದ್ದನ್ನು ಯಾರಿಗೂ ಹೇಳಬೇಡ. ಕೇಳಲು ಯಾರೂ ಬರುವುದಿಲ್ಲ. ಇನ್ನು ಅದು ನಿನ್ನದು, ನಿನ್ನ ಹತ್ತಿರವೇ ಇರಲಿ.

ನಿನ್ನ
ತಂಗಿ